ಕೊಡ ಇಳಿಸಿದ ಮೇಲೆ

ಉಪಕಾರ ನೆನೆಯಲು ಕನ್ನಡನಾಡು ಕಂಡುಕೊಂಡ ಗಟ್ಟಿಯಾದ ಏರ್ಪಾಡು ದತ್ತಿ. ತೀರಿಹೋದ ತಾಯಿಯ ಹೆಸರಿನಲ್ಲೋ, ಅಕ್ಷರ ಕಲಿಸಿದ ಮೇಷ್ಟ್ರ ಹೆಸರಿನಲ್ಲೋ ಯಾರೋ ಒಂದಿಷ್ಟು ಹಣ ಠೇವಣಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಂದು ಹಾರ, ಒಂದು ಲೋಟ ಕಾಫಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹಿಡಿದು ತಾಲ್ಲೂಕು ಘಟಕಗಳವರೆಗೆ ಈ ಪದ್ಧತಿ ನಡೆದುಕೊಂಡು ಬಂದಿದೆ. ಬಡ್ಡಿ ದರ ಇಳಿದಾಗ ಹಾರ ಸಣ್ಣದಾಗುತ್ತದೆ. ಉಪನ್ಯಾಸ ಮಾತ್ರ ಸಣ್ಣದಾದದ್ದು ಯಾರೂ ಕಂಡಿಲ್ಲ.

ದತ್ತಿಗಳೆಲ್ಲ ವ್ಯಕ್ತಿಗಳ ಹೆಸರಿನಲ್ಲಿವೆ. ನಲ್ಲಿಗೆ, ಹಿಟ್ಟಿನ ಗಿರಣಿಗೆ, ಬೆಳಗಿನ ಆರೂವರೆಯ ಬಸ್ಸಿಗೆ ದತ್ತಿ ಇಟ್ಟವರಿಲ್ಲ. ಆದರೆ ಬದುಕು ಹಗುರಾದದ್ದು ಯಾವುದರಿಂದ ಎಂದು ಮನೆಯ ಹಿರಿಯ ಹೆಂಗಸನ್ನು ಕೇಳಿದರೆ ಮೊದಲು ಬರುವುದು ಇಂಥವುಗಳ ಹೆಸರೇ.

ಕೇಳುವುದು ಯಾರನ್ನು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಹೆಸರುವಾಸಿ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ವಾರಕ್ಕೊಮ್ಮೆ, ಹತ್ತು ವಾರಗಳ ಕಾಲ, ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಐದರವರೆಗೆ ಬರೆಯಬೇಕಿತ್ತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಬೇಕಿತ್ತು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತೆಂಬುದು ಫಲಿತಾಂಶ. ವಿದ್ಯಾರ್ಥಿಗಳು ಬರೆದದ್ದರ ಕೆಲವು ಮಾದರಿಗಳೂ ಪ್ರಬಂಧದಲ್ಲಿವೆ: ಬೆಳಿಗ್ಗೆ ಎದ್ದದ್ದು, ಗೆಳೆಯರ ಔದಾರ್ಯ, ಒಳ್ಳೆಯ ಅಪ್ಪ ಅಮ್ಮ. ಒಬ್ಬರಂತೂ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದ ಹೆಸರನ್ನೇ ಬರೆದಿದ್ದರು. ಆ ಮಾದರಿಗಳಲ್ಲಿ ನಲ್ಲಿ ನೀರು ಇಲ್ಲ. ಇಲ್ಲದಿರುವುದು ಸಹಜವೇ. ನೀರು ಹೊರದವರ ಪಟ್ಟಿಯಲ್ಲಿ ನೀರು ಬರುವುದಾದರೂ ಹೇಗೆ?

ದಿನಬಳಕೆಯ ವಸ್ತುವಿನ ಬಗೆಗಿನ ಕೃತಜ್ಞತೆ ಹೊರೆಯ ನೆನಪಿನಿಂದ ಹುಟ್ಟುವಂಥದ್ದು. ತಲೆಯ ಮೇಲಿನ ಕೊಡ ಇಳಿಸಿದವರಿಗೆ ಅದು ಇರುತ್ತದೆ. ಮಕ್ಕಳಿಗೆ ಅರ್ಧ, ಮೊಮ್ಮಕ್ಕಳಿಗೆ ಇಲ್ಲ. ಇದನ್ನು ಕಿರಿಯರ ಕೃತಘ್ನತೆ ಎಂದು ಬೈಯುವ ಹಿರಿಯರು ಬಹಳ. ಆ ಬೈಗುಳದಲ್ಲಿ ಹುರುಳಿಲ್ಲ. ಹೊರೆ ಗೊತ್ತೇ ಆಗದಂತೆ ಮಕ್ಕಳು ಬೆಳೆಯಲಿ ಎಂದೇ ತಾನೆ ಪೈಪು ಹಾಕಿಸಿದ್ದು.

ಒಂದೇ ಊರಿನಲ್ಲಿ ಈ ಇಳಿಸುವಿಕೆ ಎಷ್ಟು ಹಿಂದುಮುಂದಾಗಿ ನಡೆಯಿತೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರು ಕುಡಿದದ್ದು ಬಾವಿ, ಕಲ್ಯಾಣಿ ಮತ್ತು ಕೆರೆಗಳ ನೀರು. ಧರ್ಮಾಂಬುಧಿ ಕೆರೆಯಲ್ಲಿ ಇಂದು ಮೆಜೆಸ್ಟಿಕ್ಕಿನ ಬಸ್ಸುಗಳು ನಿಂತಿವೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. 1876–78ರ ಭೀಕರ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿದ ಮೇಲೆ ಮಳೆಗಾಲದ ಕೆರೆಗಳನ್ನಷ್ಟೇ ನಂಬಿ ಕೂರುವಂತಿರಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ಜಲ ಕಾಮಗಾರಿ ಕೈಗೂಡಿತು. ಸೋಲದೇವನಹಳ್ಳಿಯ ಉಗಿಯಂತ್ರಗಳು ನೀರೆತ್ತಿ ಊರಿಗೆ ದೂಡಿದವು. ಕೊಳಾಯಿ ನೀರು ಬಂದದ್ದು 1896ರಲ್ಲಿ. ಊರು ಬೆಳೆಯಿತು, ಅರ್ಕಾವತಿ ಸೊರಗಿತು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ, 1974ಕ್ಕೆ ಕಾವೇರಿ ಮೊದಲ ಹಂತ. ಈಗ ಬೆಂಗಳೂರಿಗರು ಹಲ್ಲುಜ್ಜುವ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಪಂಪಿನಿಂದ ಪಂಪಿಗೆ ಏರುತ್ತ ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತದೆ. ಹಲ್ಲುಜ್ಜುವಾಗ ಇದನ್ನು ಯಾರೂ ನೆನೆಯುವುದಿಲ್ಲ. ನಲ್ಲಿ ಬುಸ್ಸೆಂದು ಗಾಳಿ ಬಿಟ್ಟ ದಿನ ಮಾತ್ರ ಬೀದಿಯವರೆಲ್ಲ ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ.

ಅದೇ ಊರಿನ ಇನ್ನೊಂದು ಮುಖ ಬೇರೆ. 2007ರಲ್ಲಿ ಪಾಲಿಕೆಯೊಳಗೆ ಸೇರಿಕೊಂಡ 110 ಹಳ್ಳಿಗಳು ಕೊಳವೆಬಾವಿ, ಟ್ಯಾಂಕರುಗಳಲ್ಲೇ ದಿನ ದೂಡಿದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಬೆಲೆ ಏರಿದಾಗ ಲಕ್ಷಾಂತರ ರೂಪಾಯಿ ಸಂಬಳದವರೂ ಬಕೆಟ್ ಲೆಕ್ಕ ಕಲಿತರು. ಈ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಹೆಸರಘಟ್ಟದ ನೀರು ಬಂದು ಆಗಲೇ 128 ವರ್ಷವಾಗಿತ್ತು. ಒಂದೇ ನಗರದ ಎರಡು ಬಡಾವಣೆಗಳ ನಡುವೆ ನಾಲ್ಕೈದು ತಲೆಮಾರುಗಳ ಅಂತರ!

ಹಳ್ಳಿಗಳ ಮಾತಂತೂ ಇನ್ನೂ ತಡ. 2019ರ ಆಗಸ್ಟ್ 15ರಂದು ಜಲಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿ ಇದ್ದದ್ದು ಸುಮಾರು 3.23 ಕೋಟಿಗೆ, ಅಂದರೆ ಆರರಲ್ಲಿ ಒಂದು ಮನೆಗೆ. ಕರ್ನಾಟಕದಲ್ಲಿ ಅದು ‘ಮನೆ ಮನೆಗೆ ಗಂಗೆ’ಯಾಗಿ ಬಂತು. ನಲ್ಲಿ ನಿಂತಿದೆ, ನೀರಿಲ್ಲ ಎಂಬ ದೂರುಗಳು ಎಷ್ಟೋ ಊರುಗಳಲ್ಲಿ ಇವೆ. ಕೋಲಾರ, ಪಾವಗಡದ ಕಡೆ ನೀರು ಬಂದರೂ ಅದರಲ್ಲಿ ಫ್ಲೋರೈಡ್ ಇದೆ. ಅಲ್ಲಿಯ ಜನ ಕೈಮುಗಿಯುವುದು ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕಕ್ಕೆ.

ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ‘ನೀರು ಬಿಡೋ ದಿನ’ ಎಂಬುದು ವಾರದ ಏಳು ದಿನಗಳಾಚೆಯ ಎಂಟನೆಯ ದಿನ. ಹುಬ್ಬಳ್ಳಿ–ಧಾರವಾಡದಲ್ಲಿ ಐದಾರು ದಿನಕ್ಕೊಮ್ಮೆ, ಗದಗ–ಬೆಟಗೇರಿಯಲ್ಲಿ ಅದಕ್ಕಿಂತ ಎಷ್ಟೋ ತಡವಾಗಿ ನೀರು ಬರುತ್ತಿದ್ದ ಕಾಲದಲ್ಲಿ ಮನೆಯ ಒಬ್ಬರು ಆ ದಿನಕ್ಕೆ ಅಡವಾಗಿ ಇರಬೇಕಿತ್ತು. ಕೂಲಿ ತಪ್ಪಿಸಿಕೊಳ್ಳುವುದು ತಾಯಿಯೋ, ಶಾಲೆ ತಪ್ಪಿಸಿಕೊಳ್ಳುವುದು ಮಗಳೋ ಎಂಬುದಷ್ಟೇ ಪ್ರಶ್ನೆ. ಹಳೆಯ ನೀರನ್ನು ಚೆಲ್ಲಿ ಬ್ಯಾರಲ್ಲು, ಹಂಡೆ, ಕೊನೆಗೆ ಚಹಾದ ಪಾತ್ರೆಯವರೆಗೆ ಹೊಸ ನೀರು ತುಂಬಬೇಕು. 2008ರಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಶುರುವಾಯಿತು. ವಿಶ್ವಬ್ಯಾಂಕಿನ ನೆರವು, ಖಾಸಗಿ ಕಂಪನಿಯ ನಿರ್ವಹಣೆ, ಮೀಟರು ಎಂದೆಲ್ಲ ತಕರಾರು ಆಗಿದ್ದು ನಿಜ. ಆ ತಕರಾರಿನಲ್ಲಿ ತಥ್ಯವೂ ಇತ್ತು. ಆದರೂ ಆ ವಾರ್ಡುಗಳ ಹೆಂಗಸರಿಗೆ ಸಿಕ್ಕಿದ್ದು ಬರೀ ನೀರಲ್ಲ, ಒಂದು ಇಡೀ ದಿನ.

ದತ್ತಿ ಇಲ್ಲದಿದ್ದರೂ ಇಂಥ ವಸ್ತುಗಳನ್ನು ನೆನೆಯಲು ಹಬ್ಬಗಳಿವೆ. ನರಕ ಚತುರ್ದಶಿಯ ಹಿಂದಿನ ಸಂಜೆ ‘ನೀರು ತುಂಬುವ ಹಬ್ಬ’. ಬಚ್ಚಲ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ, ಬಾವಿಯಿಂದ ಸೇದಿದ ನೀರು ತುಂಬಿ ಪೂಜೆ ಮಾಡುತ್ತಾರೆ. ಗೀಸರು ಬಂದ ಮನೆಗಳಲ್ಲಿ ಈಗ ಅದಕ್ಕೇ ಕುಂಕುಮ. ಮಹಾನವಮಿಯ ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲಿನ ಸಾಲಿಗೆ ಗ್ರೈಂಡರು, ಸ್ಕೂಟರು, ಕಂಪ್ಯೂಟರು ಬಂದು ಕೂತಿವೆ. ಹಬ್ಬ ಹೊಸ ವಸ್ತುವನ್ನು ಹೊರಗೆ ನಿಲ್ಲಿಸುವುದಿಲ್ಲ. ಆದರೆ ಕಣ್ಣಿಗೆ ಬೀಳದ್ದನ್ನು ಅದು ಪೂಜಿಸುವುದೂ ಇಲ್ಲ. ನೆಲದಡಿಯ ಪೈಪಿಗೆ ಕುಂಕುಮ ಹಚ್ಚಿದವರುಂಟೆ?

ಬೀಸುವ ಕಲ್ಲಿನ ಕತೆ ಇದಕ್ಕಿಂತ ತೊಡಕಿನದು. ಕೋಳಿ ಕೂಗುವ ಹೊತ್ತಿಗೆ ಎದ್ದು, ಆ ದಿನದ ರಾಗಿಯನ್ನೋ ಜೋಳವನ್ನೋ ಬೀಸಿಕೊಂಡರೆ ಉಂಟು ಮಧ್ಯಾಹ್ನದ ಮುದ್ದೆ, ರೊಟ್ಟಿ. ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸುವಾಗ ದಣಿವು ಮರೆಯಲು ಹಾಡಿದ ತ್ರಿಪದಿಗಳು ಕನ್ನಡದ ದೊಡ್ಡ ಆಸ್ತಿ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಓದಿದವರಿಗೆ ಅದು ಗೊತ್ತು. ಈ ಹಾಡುಗಳಲ್ಲಿ ಒಂದು ಕ್ರಮವಿದೆ. ಬೀಸತೊಡಗುವಾಗ ದೇವರನ್ನು, ಹಡೆದವರನ್ನು ನೆನೆಯುತ್ತಾರೆ. ಮುಗಿಸುವಾಗ ಕಲ್ಲಿಗೇ ಶರಣೆಂದು, ಬಿಟ್ಟು ಏಳುತ್ತಿದ್ದೇವೆ ಮುನಿಯಬೇಡ ಎಂದು ಬೇಡಿಕೊಳ್ಳುತ್ತಾರೆ. ಕೈ ಬೊಬ್ಬೆ ಎಬ್ಬಿಸಿದ ಕಲ್ಲಿಗೇ ನಮಸ್ಕಾರ. ಅನ್ನ ಬರುವುದು ಅದರಿಂದಲೇ ಅಲ್ಲವೆ.

ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಪಟ್ಟಿ ಪಟಪಟ ಬಡಿಯುವ ಸದ್ದಿನಲ್ಲಿ ತ್ರಿಪದಿ ಅಡಗಿತು. ವಿದ್ವಾಂಸರು ಇದಕ್ಕಾಗಿ ಬಹಳ ಮರುಗಿದ್ದಾರೆ. ಮರುಗುವುದರಲ್ಲಿ ತಪ್ಪಿಲ್ಲ, ಆದರೆ ಆ ಮರುಕದಲ್ಲಿ ಒಂದು ಅನುಕೂಲವಿದೆ, ಮರುಗಿದವರಲ್ಲಿ ಹೆಚ್ಚಿನವರು ಬೀಸಿದವರಲ್ಲ. ಬೀಸಿದವರು ಗಿರಣಿಯ ಮುಂದೆ ಡಬ್ಬಿ ಇಟ್ಟು ಸಾಲು ನಿಂತರು, ಹಿಟ್ಟು ಬಿಸಿಯಾಗಿ ರುಚಿ ಕೆಟ್ಟಿತೆಂದು ಗೊಣಗಿದರು, ಮಾರನೆಯ ವಾರ ಮತ್ತೆ ಅಲ್ಲಿಗೇ ಹೋದರು. ಇಡ್ಲಿ, ದೋಸೆಯ ಹಿಟ್ಟಿಗೂ ಹೀಗೇ ಆಯಿತು. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ವೆಟ್ ಗ್ರೈಂಡರು ಮನೆಮನೆಗೆ ಬರುತ್ತಿದ್ದಂತೆ ಒರಳುಕಲ್ಲು ಹಿತ್ತಲು ಸೇರಿತು. ಕಲ್ಲಿನಲ್ಲಿ ರುಬ್ಬಿದ ಚಟ್ನಿಯೇ ಚಟ್ನಿ ಎಂದು ಊಟದ ಮಣೆಯ ಮೇಲೆ ಕೂತು ಹೇಳಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಇಂಥ ಹೊರೆಗಳನ್ನು ಒಮ್ಮೆ ಅಳೆದು ನೋಡಿದ್ದರು. ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಶಕ್ತಿ ಯಾವುದರಿಂದ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ ಎಂದು ಮನೆಮನೆ ಲೆಕ್ಕ ಹಾಕಿತು. ಎತ್ತು, ಸೌದೆ, ಸೀಮೆಎಣ್ಣೆಯ ಜೊತೆಗೆ ಮನುಷ್ಯರ ದುಡಿಮೆಯ ಗಂಟೆಗಳನ್ನೂ ಬರೆದುಕೊಂಡರು. ಸೌದೆ, ನೀರು, ಅಡುಗೆ, ದನ ಮೇಯಿಸುವುದು, ಹೊಲಕ್ಕೆ ಬುತ್ತಿ, ಎಲ್ಲ ಸೇರಿಸಿದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರ ಪಾಲಿಗೆ ಬಿದ್ದಿತ್ತು; ಮಕ್ಕಳ ಪಾಲೂ ಕಡಿಮೆಯಿರಲಿಲ್ಲ. ಇದೇ ಕೇಂದ್ರದಿಂದ ಬಂದದ್ದು, ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಮೂರು ಪಾತ್ರೆಯ ‘ಅಸ್ತ್ರ ಒಲೆ’. ಎಂಬತ್ತರ ದಶಕದ ಕರ್ನಾಟಕದ ಹಳ್ಳಿಗಳಲ್ಲಿ ಅದರ ಹೆಸರು ಕೇಳದವರಿರಲಿಲ್ಲ.

ಪುರದಲ್ಲಿ ನಡೆದದ್ದು ಸ್ವಾರಸ್ಯವಾಗಿದೆ. ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಮನೆಮನೆಗೆ ಅಡುಗೆ ಅನಿಲ ಕೊಡಬೇಕೆಂಬುದು ಮೊದಲ ಯೋಜನೆ. ಊರಿನ ದನಗಳ ಸಗಣಿ ಎಲ್ಲ ಒಲೆಗಳಿಗೆ ಸಾಲುವಂತಿರಲಿಲ್ಲ, ಯೋಜನೆ ಹತ್ತಲಿಲ್ಲ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟು ತೆಗೆದು, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ನೀರು ಮತ್ತು ದೀಪ ಕೊಡಲಾಯಿತು. ಆಗ ಊರು ತಾನೇ ಮುಂದೆ ಬಂತು. ಜನ ಸಗಣಿ ತಂದು ಹಾಕಿದರು, ಬಗ್ಗಡ ವಾಪಸು ಗೊಬ್ಬರಕ್ಕೆ ಒಯ್ದರು, ತಿಂಗಳ ದುಡ್ಡು ಕಟ್ಟಿದರು, ವರ್ಷಗಟ್ಟಲೆ ನಡೆಸಿದರು. ತಜ್ಞರು ಕೊಡಬೇಕೆಂದಿದ್ದು ಒಂದು, ಊರು ಉಳಿಸಿಕೊಂಡದ್ದು ಇನ್ನೊಂದು. ಯಾವುದಕ್ಕೆ ಕೈಮುಗಿಯಬೇಕೆಂಬುದನ್ನು ಕೊಡುವವರು ತೀರ್ಮಾನಿಸಲಾಗುವುದಿಲ್ಲವೆಂಬುದು ಆ ಕಾಲದ ಅಭಿವೃದ್ಧಿ ಕಡತಗಳಲ್ಲಿ ಅಪರೂಪಕ್ಕೆ ಒಪ್ಪಿಕೊಂಡ ಮಾತು.

ಹಾಗಾದರೆ ಇಷ್ಟೆಲ್ಲ ಯಂತ್ರ, ನಲ್ಲಿ, ಅನಿಲ ಬಂದ ಮೇಲೆ ಹೆಂಗಸರ ಹೊರೆ ಎಷ್ಟು ಇಳಿದಿದೆ? ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಕಂಡ ಲೆಕ್ಕ ಹೀಗಿದೆ: ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88. ಐದು ವರ್ಷದಲ್ಲಿ ಹೆಣ್ಣಿಗೆ ಹತ್ತು ನಿಮಿಷ ಉಳಿಯಿತು. ಗಂಡು ತನ್ನ ಪಾಲಿನ ಒಂಬತ್ತು ನಿಮಿಷವನ್ನು ಜೋಪಾನವಾಗಿ ಉಳಿಸಿಕೊಂಡ. ಮಿಕ್ಸಿ ಬಂದಷ್ಟೂ ಚಟ್ನಿಯ ಬಗೆಗಳು ಹೆಚ್ಚುತ್ತವೆ, ವಾಷಿಂಗ್ ಮಷಿನ್ ಬಂದಷ್ಟೂ ದಿನಕ್ಕೆರಡು ಅಂಗಿ ಬೇಕಾಗುತ್ತದೆ. ಯಂತ್ರಕ್ಕೆ ಪೂಜೆ ಮಾಡಿದವರು ಅದರ ಮುಂದೆ ನಿಲ್ಲುವವರ ಕಡೆಗೂ ಒಮ್ಮೆ ನೋಡಬಹುದಿತ್ತು.

ಬಸ್ಸಿನ ಮಾತು ಬರದೆ ಈ ಪಟ್ಟಿ ಮುಗಿಯುವುದಿಲ್ಲ. ಮೈಸೂರು ಸರ್ಕಾರ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರುಮಾಡಿತು. ಇಂದಿನ ಕೆಎಸ್‌ಆರ್‌ಟಿಸಿಯ ಮೂಲ ಅದು. ಕೆಂಪು ಬಸ್ಸು ಹೈಸ್ಕೂಲಿಗೆ, ತಾಲ್ಲೂಕು ಆಸ್ಪತ್ರೆಗೆ, ಸಂತೆಗೆ, ತವರಿಗೆ ದಾರಿ ಮಾಡಿತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಮೊದಲ ವಾರಗಳಲ್ಲೇ ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ ಕಿಕ್ಕಿರಿದವು. ಪುಕ್ಕಟೆ ಎಂದು ತಿರುಗುತ್ತಾರೆ ಎಂಬ ಗೇಲಿ ಆಗ ಪಟ್ಟಾಂಗದ ಕಟ್ಟೆಗಳಲ್ಲೆಲ್ಲ ಕೇಳಿಬಂತು. ಸಾರಿಗೆ ನಿಗಮಗಳ ಹಣಕಾಸಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿವೆ, ಕೇಳಲೇಬೇಕು. ಆದರೆ ಹರಕೆ ಹೊತ್ತು ಇಪ್ಪತ್ತು ವರ್ಷವಾದರೂ ಬೆಟ್ಟ ಹತ್ತಲು ಗಂಡನ ಕೈ ನೋಡಬೇಕಾಗಿದ್ದವರು ಯಾರನ್ನೂ ಕೇಳದೆ ಹೋಗಿಬಂದರಲ್ಲ, ಗೇಲಿ ಮಾಡಿದವರಿಗೆ ನಿಜವಾಗಿ ಇರುಸುಮುರುಸಾದದ್ದು ಟಿಕೆಟ್ಟಿನ ಹಣಕ್ಕೋ ಆ ಹೊರಡುವಿಕೆಗೋ ಎಂಬ ಅನುಮಾನ ಉಳಿದೇ ಇದೆ.

ಇಲ್ಲಿಯವರೆಗಿನದು ಹೊರೆ ಇಳಿದ ಕತೆ. ಹೊರೆ ಇಳಿಯದೆ ಬೇರೊಬ್ಬರ ತಲೆಗೆ ದಾಟಿದ ಕತೆಗಳೂ ಇವೆ, ಅಲ್ಲಿ ಕೃತಜ್ಞತೆಯ ಲೆಕ್ಕ ಕಷ್ಟವಾಗುತ್ತದೆ. ಮನೆಯೊಳಗಿನ ಪಾಯಿಖಾನೆಗೆ ಕೃತಜ್ಞರಲ್ಲದವರಿಲ್ಲ, ಮಳೆಗಾಲದ ರಾತ್ರಿಯಲ್ಲಂತೂ. ಅದನ್ನು ಶುಚಿ ಮಾಡಿದವರು ಯಾರು? ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರ ಹಟದಿಂದ. ಆದರೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮಲವನ್ನೇ ಮೈಗೆ ಸುರಿದುಕೊಂಡು ನಿಂತಾಗ, ನಿಷೇಧ ಕಾಗದದಲ್ಲೇ ಉಳಿದಿತ್ತೆಂಬುದು ನಾಡಿಗೆ ಗೊತ್ತಾಯಿತು. ಮ್ಯಾನ್‌ಹೋಲಿನ ಸಾವುಗಳು ಇವತ್ತೂ ನಿಂತಿಲ್ಲ.

ದೀಪದ ಲೆಕ್ಕವೂ ಹೀಗೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಯಾರ ಮನೆ ಬೆಳಗಲೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಆಗ ಅದೂ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ಆ ತಂತಿಯ ಕೆಳಗಿನ ಹಳ್ಳಿಗಳು ಹರಳೆಣ್ಣೆ, ಸೀಮೆಎಣ್ಣೆಯಲ್ಲೇ ಇನ್ನೂ ದಶಕಗಳ ಕಾಲ ಕಳೆದವು. ನಾಡಿಗೆಲ್ಲ ಕರೆಂಟು ಹಂಚಲು ದೊಡ್ಡ ಬಲ ಬಂದದ್ದು ಶರಾವತಿಯಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್‌ವರೆಗೆ ಬೆಳೆಯಿತು. ಎಷ್ಟೋ ವರ್ಷ ಕರ್ನಾಟಕದ ದೀಪವೆಂದರೆ ಬಹುಪಾಲು ಈ ನೀರೇ.

ಸಾಗರ, ಹೊಸನಗರದ ಕಡೆಯ ಸಾವಿರಾರು ಕುಟುಂಬಗಳ ಗದ್ದೆ, ಅಡಿಕೆ ತೋಟ, ದೇವಸ್ಥಾನ ಆ ಹಿನ್ನೀರಿನಡಿ ಹೋದವು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದರು; ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ತುಮರಿ, ಕರೂರು, ಬಾರಂಗಿಯ ಜನ ಮೂರು ಕಡೆ ನೀರಿನ ನಡುವೆ ಉಳಿದರು. ಪೇಟೆಗೆ, ಕಾಲೇಜಿಗೆ, ಹೆರಿಗೆಗೆ, ಎಲ್ಲಕ್ಕೂ ಲಾಂಚೇ ಆಗಬೇಕಿತ್ತು. ಸಂಜೆಯಾದ ಮೇಲೆ ಲಾಂಚ್ ಇರಲಿಲ್ಲ. ರಾತ್ರಿ ಹಾವು ಕಚ್ಚಿದರೆ ಕಾಡುದಾರಿ ಸುತ್ತಬೇಕಿತ್ತು, ಇಲ್ಲವೇ ಬೆಳಗಾಗುವವರೆಗೆ ಕಾಯಬೇಕಿತ್ತು. ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆ ತಾನು ಕತ್ತಲಲ್ಲಿ ಕೂತಿತು ಎಂಬ ಮಾತು ಅಲ್ಲಿಯ ಪ್ರತಿ ಸಭೆಯಲ್ಲೂ ಬರುತ್ತದೆ, ಉತ್ಪ್ರೇಕ್ಷೆಯೇನಲ್ಲ.

ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅಂದು ಅಲ್ಲಿ ಕಂಡ ಸಂತೋಷ ಅಪ್ಪಟವಾದದ್ದು. ಆದರೆ ಅದಕ್ಕಾಗಿ ಯಾರು ಯಾರಿಗೆ ಋಣಿ ಎಂಬ ಪ್ರಶ್ನೆಗೆ ವೇದಿಕೆಯ ಮೇಲಿನ ಭಾಷಣಗಳಲ್ಲಿ ಸಿಕ್ಕ ಉತ್ತರ ತಲೆಕೆಳಗಾಗಿತ್ತು. ಆರು ದಶಕ ಕಾದವರೇ ಕೃತಜ್ಞತೆ ಹೇಳುವವರಾದರು, ಆರು ದಶಕ ದೀಪ ಉರಿಸಿದವರು ಅದನ್ನು ಸ್ವೀಕರಿಸುವವರಾದರು. ಸೇತುವೆಯಾಚೆ ಇನ್ನೊಂದು ಬಾಕಿ ಇದೆ. ಮುಳುಗಡೆಯಾದವರಿಗೆ ಸರ್ಕಾರ ತೋರಿಸಿದ ಜಾಗದ ಬಹುಭಾಗ ಅರಣ್ಯ ಇಲಾಖೆಯ ದಾಖಲೆಯಲ್ಲಿತ್ತು. ಹಕ್ಕುಪತ್ರದ ಆದೇಶಗಳು ಬಂದವು, ಕೋರ್ಟಿಗೆ ಹೋದವು, ರದ್ದಾದವು, ಕೇಂದ್ರದ ಒಪ್ಪಿಗೆಗೆ ಮತ್ತೆ ಕಡತ ಹೊರಟಿತು. ಊರು ಬಿಟ್ಟಾಗ ತೊಟ್ಟಿಲಲ್ಲಿದ್ದವರು ಈಗ ಅರವತ್ತು ದಾಟಿ, ಅಜ್ಜನ ಹೆಸರಿನ ಅರ್ಜಿ ಹಿಡಿದು ಸಾಗರ, ಶಿವಮೊಗ್ಗದ ಕಚೇರಿಗಳಿಗೆ ಓಡಾಡುತ್ತಿದ್ದಾರೆ.